ಕೆಂಪು ದಾರದ ಬಿಲ್ಲೆ

ಊರಿಗಾಂ
8 ಜನವರಿ 1959, ಗುರುವಾರ

ಬೇತಮಂಗಲದಲ್ಲಿ ನಿಮ್ಮಣ್ಣನ ಹೊಲದ ಕಳೆ ಕೀಳುತ್ತಾ ನಮ್ಮನ್ನೆಲ್ಲ ಮರೆತಂತೆ ನಟಿಸುತ್ತಿರುವ ಪಿಳ್ಳಕ್ಕನಿಗೆ,

ಕುಡುಗೋಲು ಕೆಳಗಿಡು. ಕೈ ತೊಳೆದುಕೊಂಡು ಜಗಲಿಯ ಮೇಲೆ ಕೂತುಕೋ. ಈ ಕಾಗದ ನಿಂತು ಕೇಳುವಂಥದ್ದಲ್ಲ. ನಿನಗೆ ಇದನ್ನು ಓದಿ ಹೇಳುತ್ತಿರುವುದು ನಿಮ್ಮೂರ ಅಂಚೆಯ ಸೀನಪ್ಪನೇ ಎಂದು ನನಗೆ ಗೊತ್ತು. ಸೀನಪ್ಪ, ನಿನಗೆ ಬೇಸರವಾಯಿತೆಂದು ನಡುವೆ ನಾಲ್ಕು ಸಾಲು ನುಂಗಬೇಡ. ನಾನು ನನ್ನನ್ನೇ ಬೈದುಕೊಂಡಿರುವ ಜಾಗ ಬಂದಾಗ ಇನ್ನಷ್ಟು ಗಟ್ಟಿಯಾಗಿ ಓದು. ಬೀದಿಗೂ ಕೇಳಲಿ.

ಸುದ್ದಿ ಮೊದಲು. ಈ ಭಾನುವಾರ ಬಿಟ್ಟು ಮುಂದಿನ ಭಾನುವಾರ, ಹದಿನೆಂಟನೇ ತಾರೀಕು, ಬಂಗಾರಪೇಟೆಯಲ್ಲಿ ನಮ್ಮ ಕಾರ್ಮಿಕರ ಸಹಕಾರ ಅಂಗಡಿಯ ಎರಡನೇ ಬಾಗಿಲು ತೆರೆಯುತ್ತದೆ! ರೈಲ್ವೆ ಗೂಡ್ಸ್ ಶೆಡ್ಡಿನ ಹಿಂದೆ, ಹುಣಸೇಮರದ ಪಕ್ಕದ ಹಳೇ ಗೋದಾಮಿನಲ್ಲಿ. ಮಂಡಿಯಲ್ಲಿ ಮೂಟೆ ಹೊರುವವರು, ಹಳಿ ರಿಪೇರಿಯ ಗ್ಯಾಂಗಿನವರು, ಅವರ ಮನೆಗಳು ಇನ್ನೂರಕ್ಕೂ ಹೆಚ್ಚು. ಗೋಡೆಯ ಸುಣ್ಣ ಇನ್ನೂ ಒಣಗಿಲ್ಲ, ಆಗಲೇ ಅದರ ಮೇಲೆ ಎರಡು ತಂತಿ ಬಿಗಿದಾಗಿದೆ. ದೇವರ ಪಟ ಆಮೇಲೆ, ನಾಯಕರ ಪಟ ಅದಕ್ಕಿಂತ ಆಮೇಲೆ. ಆ ಗೋಡೆಗೆ ಮೊದಲು ಏರಿದ್ದು ನಿನ್ನ ತಂತಿ ಕಣಕ್ಕ. ನಿನ್ನೆ ನಾನೇ ಹೋಗಿ ಒಂದು ಬಿಲ್ಲೆ ಮೇಲಿನ ತುದಿಯಿಂದ ಬಿಟ್ಟೆ. ಸರ್ರನೆ ಜಾರಿ ಕೆಳತುದಿಗೆ ಬಂದು ಠಣ್ ಎಂದಿತು. ಸುಣ್ಣ ಬಳಿಯುತ್ತಿದ್ದವರೆಲ್ಲ ಬ್ರಷ್ಷು ಹಿಡಿದುಕೊಂಡೇ ತಿರುಗಿ ನೋಡಿದರು. ನನಗೆ ಕುಣಿಯಬೇಕು ಅನ್ನಿಸಿತು. ನನ್ನ ವಯಸ್ಸಿಗೆ ಅದು ಶೋಭೆಯಲ್ಲವೆಂದು ಇನ್ನೊಂದು ಬಿಲ್ಲೆ ಬಿಟ್ಟೆ.

ಆ ತಂತಿಗಳ ಮುಂದೆ ಕೂತು ಅಂಗಡಿ ನಡೆಸಲು ನೀನು ಬರಬೇಕು. ಕಮಿಟಿ ಒಪ್ಪಿದೆ. ಕಸ ಗುಡಿಸುವುದಕ್ಕಲ್ಲ, ಅಕ್ಕಿ ಕೇರುವುದಕ್ಕಲ್ಲ. ಯಾರು ಏನು ಕೇಳಿದರು, ಏನು ಕಟ್ಟಬೇಕು, ಯಾರಿಗೆ ಮೊದಲು ಹೋಗಬೇಕು, ಎಲ್ಲದರ ಮೇಲೂ ನಿನ್ನ ಮಾತೇ ಕೊನೆಯ ಮಾತು. ಆದರೆ ಬರುತ್ತೀಯೋ ಇಲ್ಲವೋ ಎಂದು ಈಗಲೇ ಬಾಯಿ ಬಿಡಬೇಡ. ಅದಕ್ಕೆ ಮೊದಲು ನಾನು ನಿನಗೆ ಮಾಡಿದ್ದನ್ನು ಹೇಳಿ ಮುಗಿಸಬೇಕು. ಅದನ್ನು ಬಿಟ್ಟು ಕರೆದರೆ ನೀನು ಬರುವುದೂ ಇಲ್ಲ, ಬರಲೂ ಬಾರದು.

ಒಂದು ವರ್ಷದ ಹಿಂದೆ ಇಲ್ಲಿನ ನಮ್ಮ ಅಂಗಡಿ ಹೇಗಿತ್ತು, ನೆನಪು ಮಾಡಿಕೋ. ಬೆಳಿಗ್ಗೆ ಪಾಳಿಯ ಸಂಗು ಕೂಗಿ ಗಂಡಸರು ಗಣಿಗೆ ಇಳಿದರೆಂದರೆ ಹೆಂಗಸರೆಲ್ಲ ಚೀಲ ಹಿಡಿದು ಬರುತ್ತಿದ್ದರು. ಒಬ್ಬೊಬ್ಬರೂ ಹೇಳಿದ್ದನ್ನು ನಾನು ಚೀಟಿಯಲ್ಲಿ ಬರೆದು ಕಟ್ಟೆಯ ಮೇಲೆ ಇಡುವುದು. ಚಿಕ್ಕವೆಂಕಟಪ್ಪ ಒಂದೊಂದೇ ಚೀಟಿ ಎತ್ತಿಕೊಂಡು ಸಾಮಾನು ಕಟ್ಟುವುದು. ಗಾಳಿ ಬಂದರೆ ಚೀಟಿ ಹಾರುತ್ತಿತ್ತು. ಸೀಮೆಎಣ್ಣೆ ಬಿದ್ದರೆ ಅಕ್ಷರ ಅಳಿಸುತ್ತಿತ್ತು. ಬಾಣಂತಿ ಮನೆಯವರು ಓಮ ಬೆಳ್ಳುಳ್ಳಿ ಕೇಳಿದರೆ ಸೀಗೆಕಾಯಿ ಹೋಗಿತ್ತು. ಸೀಗೆಕಾಯಿ ಕೇಳಿದ್ದ ಪಾಪಕ್ಕ ಓಮದ ಪೊಟ್ಟಣ ಹಿಡಿದುಕೊಂಡು ಬಂದು, ಈ ವಯಸ್ಸಲ್ಲಿ ನನ್ನನ್ನ ಬಾಣಂತಿ ಮಾಡಿದೋನು ಯಾವನಪ್ಪ ಅಂತ ಬಾಗಿಲಲ್ಲೇ ನಿಂತು ಕೇಳಿದ್ದಳು. ಚಿಕ್ಕವೆಂಕಟಪ್ಪ ಬೇಳೆ ಮೂಟೆಯ ಹಿಂದೆ ಅಡಗಿದ್ದ.

ಇದೆಲ್ಲ ನಗುವ ಮಾತು. ನಗಲಾರದ ಮಾತು ಇನ್ನೊಂದಿದೆ. ಚೀಟಿ ಎಲ್ಲಿ ಇಡಬೇಕು ಅನ್ನುವುದು. ಮೇಸ್ತ್ರಿಯ ಹೆಂಡತಿ ಆಳಿನ ಕೈಲಿ ಚೀಲ ಕಳಿಸಿದರೆ ಆ ಚೀಟಿ ಎಲ್ಲಕ್ಕಿಂತ ಮೇಲೆ. ಗಣಿಯಾಳುಗಳ ಮನೆಸಾಲಿನಲ್ಲಿ ಮೇಲಿನ ಲೈನಿನವರದು ಅದರ ಕೆಳಗೆ. ಕೆಳಗಿನ ಲೈನಿನ ನಮ್ಮವರು ಬೆಳಕು ಹರಿಯುವ ಮೊದಲೇ ಬಂದು ನಿಂತಿದ್ದರೂ ಅವರದು ತಳಕ್ಕೆ. ಯಾವುದೋ ಕಾಣದ ಕೈ ಆ ಚೀಟಿಗಳನ್ನು ಜಾತಿ ನೋಡಿ, ಮುಖ ನೋಡಿ ಜೋಡಿಸುತ್ತಿತ್ತು. ಕಾಣದ ಕೈ ಅಂತ ಯಾಕೆ ಅನ್ನಲಿ, ಅದು ನನ್ನದೇ ಕೈ! ನಾನೂ ಕೆಳಗಿನ ಲೈನಿನಲ್ಲೇ ಹುಟ್ಟಿದವನು. ತನ್ನವರಿಗೇ ಮೊದಲು ಕೊಡುತ್ತಾನೆ ಎಂದು ಯಾರಾದರೂ ಅಂದಾರು ಎಂಬ ಭಯಕ್ಕೆ ನನ್ನವರನ್ನೇ ತಳಕ್ಕೆ ತಳ್ಳಿದವನು. ಸಂಜೆ ಗಣಿಯ ಗೇಟಿನ ಮುಂದೆ ಪೆಟ್ಟಿಗೆ ಹತ್ತಿ ಸಮಾನತೆಯ ಮೇಲೆ ಗಂಟಲು ಹರಿಯುವಂತೆ ಭಾಷಣ ಮಾಡುತ್ತಿದ್ದೆ. ಬೆಳಿಗ್ಗೆ ಚೀಟಿ ಜೋಡಿಸುತ್ತಿದ್ದೆ.

ನೀನು ಆಗ ಅಂಗಡಿಯ ಮೂಲೆಯಲ್ಲಿ ಅಕ್ಕಿ ಕೇರುತ್ತಿದ್ದೆ. ಐದು ವರ್ಷದ ಹಿಂದೆ ಗಣಿಯ ಆಳದಲ್ಲಿ ಕಲ್ಲು ಸಿಡಿದು ನಿನ್ನ ಗಂಡ ಆಂಜಿನಪ್ಪ ಜೀವಂತ ಮೇಲೆ ಬರಲಿಲ್ಲವಲ್ಲ, ಅದಕ್ಕೆ ಕನಿಕರ ತೋರಿಸಿ ಕೊಟ್ಟ ಕೆಲಸ ಅದು. ನಿನ್ನನ್ನು ಯಾರೂ ಏನೂ ಕೇಳುತ್ತಿರಲಿಲ್ಲ. ಅಂಗಡಿ ಮುಳುಗುತ್ತಿದೆ, ಯುಗಾದಿಯೊಳಗೆ ದೂರು ನಿಲ್ಲದಿದ್ದರೆ ಸಭೆ ಕರೆದು ಇಡೀ ಅಂಗಡಿಯನ್ನೇ ಬಂಗಾರಪೇಟೆಯ ಮಂಡಿ ಸಾಹುಕಾರನಿಗೆ ಒಪ್ಪಿಸಬೇಕಾಗುತ್ತದೆ ಎಂದು ನಮ್ಮ ಅಧ್ಯಕ್ಷ ಶ್ರೀನಿವಾಸಪ್ಪ ತಲೆ ಮೇಲೆ ಕೈ ಹೊತ್ತು ಕೂತಿದ್ದ ದಿನ, ನೀನು ಮೊರ ಕೆಳಗಿಟ್ಟು ಎದ್ದು ಬಂದೆ. ನನ್ನ ಮುಂದೆ ನಿಂತೆ.

"ಕದಿರಪ್ಪ, ಗುಂಡಿಗೆ ಇಳಿಯೋರ್ಗೆಲ್ಲ ಬಿಲ್ಲೆ ಐತೆ. ಸಾಯೋಕೆ ಓಗೋರ್ನ ಒಬ್ರನ್ನೂ ಬಿಡ್ದಂಗೆ ಎಣಿಸಿ ಇಳಿಸ್ತಾರೆ. ಉಣ್ಣೋಕೆ ಕೇಳೋರ್ಗೆ ಯಾಕಿಲ್ಲ?"

ಅಕ್ಕಾ, ನಾನು ಎಷ್ಟೋ ಭಾಷಣ ಕೇಳಿದ್ದೇನೆ, ಎಷ್ಟೋ ಮಾಡಿದ್ದೇನೆ. ಆ ಮಾತಿನ ಮುಂದೆ ಎಲ್ಲ ಹೊಟ್ಟು.

ಗಣಿಗೆ ಇಳಿಯುವಾಗ ಪ್ರತಿ ಆಳೂ ತನ್ನ ನಂಬರಿನ ಹಿತ್ತಾಳೆ ಬಿಲ್ಲೆಯನ್ನು ಗಣಿಬಾಯಿಯ ಹತ್ತಿರದ ಹಲಗೆಗೆ ನೇತುಹಾಕುತ್ತಾನೆ, ಮೇಲೆ ಬಂದಾಗ ತೆಗೆದುಕೊಳ್ಳುತ್ತಾನೆ. ಪಾಳಿ ಮುಗಿದು ಹಲಗೆ ಖಾಲಿಯಾದರೆ ಎಲ್ಲರೂ ಬಂದರು ಅಂತ. ನೀನು ಕೇಳಿದ್ದೂ ಅಷ್ಟೇ. ಎಣ್ಣೆ ಡಬ್ಬದ ತಗಡು ಕತ್ತರಿಸಿ ಮನೆಗೊಂದು ಬಿಲ್ಲೆ. ಬಿಲ್ಲೆಯ ಮೇಲೆ ಗಂಡನ ಗಣಿ ನಂಬರು, ಯಾಕೆಂದರೆ ಅಕ್ಷರ ಬಾರದ ಹೆಂಗಸಿಗೂ ಆ ನಂಬರು ಹೆಸರಿಗಿಂತ ಚೆನ್ನಾಗಿ ಗೊತ್ತು. ಬಂದವಳು ಚೀಟಿ ಬರೆಸಿ ತನ್ನ ಬಿಲ್ಲೆಗೇ ಕಟ್ಟಿ ಮೊಳೆಗೆ ಸಿಕ್ಕಿಸಬೇಕು. ಒಂದು ಮೊಳೆ ಕೇಳಿದ್ದಕ್ಕೆ, ಒಂದು ಮೊಳೆ ಕಟ್ಟಿದ್ದಕ್ಕೆ. ಕೊಟ್ಟಿದ್ದಕ್ಕೆ ಮೊಳೆ ಬೇಡವೇ ಎಂದು ನಾನು ಕೇಳಿದೆ. ಕೊಟ್ಟ ಮೇಲೆ ಬಿಲ್ಲೆ ಮನೆಗೆ ಹೋಗುತ್ತದಲ್ಲ, ಸಾಯಂಕಾಲ ಮೊಳೆ ಖಾಲಿ ಇದ್ದರೆ ಊರೆಲ್ಲ ಉಂಡ ಹಾಗೆ ಎಂದು ನೀನು ಅಂದೆ.

ಮೊದಲ ದಿನದ ರಂಪ ನೆನೆದರೆ ಈಗಲೂ ನಗು ಬರುತ್ತದೆ. ಮೊಳೆಗೆ ಸಿಕ್ಕಿಸಿದ ಬಿಲ್ಲೆಗಳಲ್ಲಿ ಕೊನೆಯದೇ ಮೇಲೆ! ಚಿಕ್ಕವೆಂಕಟಪ್ಪ ಪಾಪ ಕೈಗೆ ಸಿಕ್ಕಿದ್ದನ್ನೇ ತೆಗೆಯುತ್ತಾ ಹೋದ. ಕೊನೆಗೆ ಬಂದವರು ಮೊದಲು ಚೀಲ ತುಂಬಿಕೊಂಡು ಹೊರಟರು. ಗಣಿಗೆ ಇಳಿಯುವ ಮುನಿಶಾಮಿಯ ತಾಯಿ ನರಸಮ್ಮಜ್ಜಿ ಎಲ್ಲರಿಗಿಂತ ಮೊದಲು ಬಂದು, ಬಿಸಿಲು ನೆತ್ತಿಗೇರಿದರೂ ಅಲ್ಲೇ ನಿಂತಿದ್ದಳು. ಆಮೇಲೆ ಸೊಂಟಕ್ಕೆ ಕೈ ಕೊಟ್ಟಳು.

"ಲೇ ಯೆಂಕಟ, ಮುಂಚೆ ಬಂದಿದ್ದೇ ನನ್ ತಪ್ಪಾ? ನಾಳೆ ಎಲ್ರೂ ಓದ್ಮೇಲೆ ಬತ್ತೀನಿ, ಆಗ್ಲಾದ್ರೂ ಬೇಗ ಕೊಡ್ತೀಯೇನ್ಲಾ?"

ನಾನು ಅಲ್ಲೇ ಕೈಚೆಲ್ಲಿದೆ. ಇದು ಆಗದ ಮಾತು ಎಂದೆ. ನೀನು ಮೊಳೆಯ ಬಿಲ್ಲೆಗಳನ್ನು ತೆಗೆದು ಮತ್ತೆ ಸಿಕ್ಕಿಸಿ ನೋಡಿದೆ. ಮೊಳೆಗೆ ಒಂದೇ ಬಾಗಿಲು, ಅದಕ್ಕೇ ಕೊನೆಗೆ ಹೊಕ್ಕವರು ಮೊದಲು ಹೊರಡುತ್ತಾರೆ, ಎರಡು ಬಾಗಿಲಿನ ಮೊಳೆ ಬೇಕು ಎಂದೆ. ಎರಡು ಬಾಗಿಲಿನ ಮೊಳೆ ಯಾವ ಕಮ್ಮಾರ ಮಾಡುತ್ತಾನೆ ಎಂದು ನಾವು ನಕ್ಕೆವು. ಮಾರನೆಯ ದಿನ ನೀನು ಗಣಿಯ ಗುಜರಿಯಿಂದ, ಆಳುಗಳನ್ನು ಇಳಿಸುವ ಕೇಜಿನ ಹಳೇ ಉಕ್ಕಿನ ಹಗ್ಗದ ಎರಡು ಎಳೆ ಬಿಚ್ಚಿಸಿಕೊಂಡು ಬಂದೆ. ಕೇಳಿದ್ದಕ್ಕೊಂದು, ಕಟ್ಟಿದ್ದಕ್ಕೊಂದು ಎಂದು ಗೋಡೆಗೆ ಓರೆಯಾಗಿ ಬಿಗಿದೆ. ಬಿಲ್ಲೆ ಮೇಲಿನ ತುದಿಯಿಂದ ಹೊಕ್ಕು ಜಾರಿ ಬರಬೇಕು, ಕೆಳಗಿನ ತುದಿಯಿಂದ ತೆಗೆಯಬೇಕು. ಮೊದಲು ಬಂದದ್ದೇ ಮೊದಲು. ಇಷ್ಟೇ! ಇಷ್ಟಕ್ಕೆ ನಮ್ಮ ದೇಶ ಮೂರು ಸಾವಿರ ವರ್ಷ ಕಾದಿದೆ ಪಿಳ್ಳಕ್ಕ.

ಮೇಸ್ತ್ರಿಯ ಹೆಂಡತಿಯ ಆಳು ಬಂದ. ಅವಳ ಬಿಲ್ಲೆ ಕೆಳಗಿನ ಲೈನಿನ ಕದಿರಮ್ಮನ ಬಿಲ್ಲೆಯ ಹಿಂದೆ ಹೋಗಿ ನಿಂತಿತು. ಆಳು ಹೋಗಿ ಹೇಳಿದ. ಅವಳೇ ಬಂದಳು, ನಾನು ಯಾರು ಗೊತ್ತಾ ಎಂದು ಕೇಳಿದಳು. ನಾನು ಎದ್ದು ನಿಂತುಬಿಟ್ಟಿದ್ದೆ. ನೀನು ಕೂತಲ್ಲಿಂದಲೇ ಅಂದೆ: "ನಂಗೊತ್ತು ಕಣಮ್ಮ. ತಂತಿಗೆ ಕಣ್ಣಿಲ್ಲ, ಅದ್ಕೆ ಗೊತ್ತಿಲ್ಲ."

ಇನ್ನು ಆ ಕೆಂಪು ದಾರ. ಅದು ನಿನ್ನ ತಲೆಗೆ ಹೇಗೆ ಹೊಳೆಯಿತೋ ನನಗೆ ಇವತ್ತಿಗೂ ಆಶ್ಚರ್ಯ. ಬಂಗಾರಪೇಟೆಯಿಂದ ರೈಲಿನಲ್ಲಿ ಸೀಮೆಎಣ್ಣೆ ಬರಲಿಲ್ಲ ಎಂದರೆ ನಾವು 'ಇಲ್ಲ, ನಾಳೆ ಬಾ' ಅನ್ನುತ್ತಿದ್ದೆವು. ನಾಳೆ ಬಂದವಳು ಮತ್ತೆ ಸಾಲಿನ ಕೊನೆಗೆ. ಅವಳ ಸರದಿ ಬರುವಷ್ಟರಲ್ಲಿ ಎಣ್ಣೆ ಮತ್ತೆ ಖಾಲಿ. ಬಡವರಿಗೆ 'ಇಲ್ಲ' ಅನ್ನುವುದು ಒಂದು ಸಲಕ್ಕೆ ಮುಗಿಯುವುದಿಲ್ಲ, ಅದು ಮರಿ ಹಾಕುತ್ತಾ ಹೋಗುತ್ತದೆ. ನೀನು ಒಂದು ಕೆಂಪು ದಾರದ ಉಂಡೆ ತಂದಿಟ್ಟೆ. 'ಇಲ್ಲ' ಅನ್ನಿಸಿಕೊಂಡವಳ ಬಿಲ್ಲೆಗೆ ಒಂದು ಗಂಟು. ಆ ಬಿಲ್ಲೆ ಮನೆಗೆ ಹೋಗುವಂತಿಲ್ಲ. ತಂತಿಯ ಕೆಳತುದಿಯಲ್ಲೇ ಇರಬೇಕು. ನಾಳೆ ಎಣ್ಣೆ ಬಂದ ಕೂಡಲೇ ಅವಳದೇ ಮೊದಲು, ಯಾವ ಅಪ್ಪನ ಮಗಳು ಬಂದರೂ ಸರಿ.

ಇಲ್ಲ ಅನ್ನಿಸಿಕೊಂಡವರು ನಾಳೆ ಮೊದಲು. ನಾನು ಓದಿದ ಯಾವ ಪುಸ್ತಕದಲ್ಲೂ ಇಷ್ಟು ಚಿಕ್ಕದಾಗಿ ಯಾರೂ ನ್ಯಾಯ ಹೇಳಿಲ್ಲ.

ಯುಗಾದಿ ಬಂತು. ದೂರು ಹೇಳುವವರಿಲ್ಲ. ಹೆಂಗಸರು ಬೆಳಿಗ್ಗೆ ಬಿಲ್ಲೆ ಬಿಟ್ಟು ಮನೆಗೆ ಹೋಗುವರು. ಪಾಳಿ ಬಿಡುವ ಸಂಗು ಕೂಗುವಷ್ಟರಲ್ಲಿ ಸಾಮಾನಿನ ಗಂಟುಗಳೆಲ್ಲ ಸಿದ್ಧ. ಬೆಳಗಿನಿಂದ ಸಂಜೆವರೆಗೆ ಕಿರುಚುತ್ತಿದ್ದ ಚಿಕ್ಕವೆಂಕಟಪ್ಪ ಈಗ ಹಾಡು ಗುನುಗುತ್ತಾ ಪೊಟ್ಟಣ ಕಟ್ಟುತ್ತಿದ್ದ. ಸಾಹುಕಾರನ ಮನುಷ್ಯ ಬಂದು ನೋಡಿ ತನ್ನ ಕಾಗದ ಮಡಿಸಿಕೊಂಡು ಹೋದ. ಮೈಸೂರಿನಿಂದ ಒಬ್ಬ ದೊಡ್ಡ ಅಧಿಕಾರಿ ಬಂದು ತಂತಿ ನೋಡಿ, ಇದು ಯಾರ ಯೋಜನೆ ಎಂದು ಕೇಳಿದರು. ನೀನು ಐದಡಿ ದೂರದಲ್ಲಿ ಮೊರ ಹಿಡಿದು ಕೂತಿದ್ದೆ.

ನಾನು 'ನಮ್ಮದು' ಎಂದೆ.

ಸೀನಪ್ಪ, ಇಲ್ಲಿಂದ ಗಟ್ಟಿಯಾಗಿ ಓದು. 'ನಮ್ಮದು'. ಚಳವಳಿ ನನಗೆ ಕಲಿಸಿದ ಅತ್ಯಂತ ಪವಿತ್ರವಾದ ಮಾತು ಅದು. ಅದರೊಳಗೇ ನಿನ್ನನ್ನು ಹೂತು ಮಣ್ಣು ಮುಚ್ಚಿದೆ. ಅವರು ಹಾರ ಹಾಕಿದರು. ನಾನು ತಲೆ ಬಾಗಿಸಿದೆ, ಕೊರಳು ಉದ್ದ ಮಾಡಿ. ನೀನು ಅಕ್ಕಿ ಕೇರುತ್ತಲೇ ಇದ್ದೆ.

ಆಮೇಲೆ ಬಂತು ಆಷಾಢದ ಆ ದಿನ. ಮಧ್ಯಾಹ್ನ ಸಾಮಾನು ಕಟ್ಟುವುದು ಮುಗಿದು ನಾವು ಊಟಕ್ಕೆ ಬಾಗಿಲು ಹಾಕಿದ್ದೆವು. ನೀನೊಬ್ಬಳೇ ಹಿತ್ತಲಲ್ಲಿದ್ದೆ. ನೆಲ ಗುಡುಗಿತು. ಇಲ್ಲಿಯವರಿಗೆ ಗೊತ್ತು ಅದು ಮೋಡದ ಗುಡುಗಲ್ಲ ಎಂದು. ಆಳದಲ್ಲಿ ಎಲ್ಲೋ ಕಲ್ಲು ಸಿಡಿದಿತ್ತು. ಲೈನಿನ ಮನೆಗಳಲ್ಲಿ ಪಾತ್ರೆಗಳು ಉರುಳಿದವು. ಹೆಂಗಸರೆಲ್ಲ ಒಲೆ ಬಿಟ್ಟು ಗಣಿಯ ಕಡೆ ಓಡಿದರು. ದಾರಿಯಲ್ಲೇ ನಮ್ಮ ಅಂಗಡಿ, ಅದರ ಸರಳಿನ ಕಿಟಕಿ. ನರಸಮ್ಮಜ್ಜಿ ಆ ಕಿಟಕಿಯಲ್ಲಿ ಕಂಡದ್ದು ಏನು? ಕಿಟಕಿಗೆ ನೇರವಾಗಿದ್ದ, ಕೇಳಿದ್ದರ ತಂತಿಯಲ್ಲಿ ಒಂದೇ ಒಂದು ಬಿಲ್ಲೆ. ನಾನೂರ ಹದಿನೇಳು. ಅವಳ ಮಗನ ನಂಬರು.

ಹಿಂದಿನ ದಿನ ಅವಳ ಸೊಸೆಯ ಸರದಿ ಬರುವಷ್ಟರಲ್ಲಿ ಸೀಮೆಎಣ್ಣೆ ಮುಗಿದಿತ್ತು, ಹೊಸದು ಇನ್ನೂ ಬಂದಿರಲಿಲ್ಲ. ನಿನ್ನ ನಿಯಮದ ಪ್ರಕಾರ ಕೆಂಪು ದಾರ ಕಟ್ಟಿ ಅಲ್ಲೇ ಬಿಟ್ಟಿದ್ದೆವು. ಅಷ್ಟೇ. ಆದರೆ ನೆಲ ಗುಡುಗಿದ ಹೊತ್ತಿನಲ್ಲಿ, ಹುಟ್ಟಿದಾಗಿನಿಂದ ಗಣಿಯ ಹಲಗೆ ನೋಡಿದ ಕಣ್ಣಿಗೆ, ಖಾಲಿ ತಂತಿಯಲ್ಲಿ ಒಂಟಿಯಾಗಿ ನೇತಾಡುವ ಮಗನ ನಂಬರು ಸೀಮೆಎಣ್ಣೆ ಅಲ್ಲ. ಬೇರೆ ಯಾವ ಊರಿನ ತಾಯಿಯೂ ಮಾಡಲಾರದ ತಪ್ಪು ಅದು. ನಮ್ಮೂರಿನ ಯಾವ ತಾಯಿಯೂ ಮಾಡದೆ ಇರಲಾರದ ತಪ್ಪು. 'ನಾ ಕೊಡುಕಾ', ಅಯ್ಯೋ ನನ್ನ ಮಗನೇ ಎಂದು ಎದೆ ಬಡಿದುಕೊಂಡು ಅವಳು ಓಡಿದಳು. ಹಿಂದೆ ಬಂದವರು ಯಾಕೆಂದು ಕೇಳಲಿಲ್ಲ, ಅವರೂ ಓಡಿದರು. ಅದು ಎಣ್ಣೆಯ ಬಿಲ್ಲೆ ಕಣ್ರವ್ವಾ ಎಂದು ಕೂಗುತ್ತಾ ನೀನು ಹಿಂದೆ ಓಡಿದೆ. ಯಾರ ಕಿವಿಗೂ ಬೀಳಲಿಲ್ಲ. ಆಂಜಿನಪ್ಪನ ಹೆಣ ಬಂದ ದಿನದಿಂದ ನೀನು ಗಣಿಯ ಗೇಟಿನ ಹತ್ತಿರ ಕಾಲಿಟ್ಟಿರಲಿಲ್ಲ ಎಂಬುದು ನನಗೆ ಆಮೇಲೆ ಹೊಳೆಯಿತು.

ಆವತ್ತು ಯಾರಿಗೂ ಏನೂ ಆಗಿರಲಿಲ್ಲ. ಮುನಿಶಾಮಿ ಮೈತುಂಬ ದೂಳು ಮೆತ್ತಿಕೊಂಡು ಮೇಲೆ ಬಂದ. ಗೇಟಿನಲ್ಲಿ ನೂಕುನುಗ್ಗಲಿಗೆ ಬಿದ್ದು ಅವನ ತಾಯಿಯ ಕೈ ಮುರಿದಿತ್ತು.

ಮಾರನೆಯ ದಿನ ಕಮಿಟಿ ಕೂತಿತು. ಗಂಡನ ಬಿಲ್ಲೆ ನೇತಾಡಿದ್ದು ಸಾಲದೆಂದು ಈಗ ಊರವರ ಬಿಲ್ಲೆ ನೇತುಹಾಕಿದ್ದಾಳೆ ಎಂದು ಒಬ್ಬ ಅಂದ. ಮುಂಡೆಯ ಕೈಗೆ ಅಂಗಡಿ ಕೊಟ್ಟರೆ ಇನ್ನೇನಾಗುತ್ತದೆ ಎಂದು ಇನ್ನೊಬ್ಬ. ನೀನು ಬಾಗಿಲ ಹತ್ತಿರ ನಿಂತಿದ್ದೆ. ಎಲ್ಲರನ್ನೂ ಬಿಟ್ಟು ನನ್ನನ್ನೇ ನೋಡುತ್ತಿದ್ದೆ. ನಾನು ಕಾರ್ಯದರ್ಶಿ, ನನ್ನ ಕೈಲಿ ಪೆನ್ನು. ಹಾರ ಬೀಳುವಾಗ 'ನಮ್ಮದು' ಅಂದ ಬಾಯಿ, ಕಲ್ಲು ಬೀಳುವಾಗ ಹೊಲಿದುಕೊಂಡಿತು. 'ಬಿಲ್ಲೆ ಪದ್ಧತಿಯನ್ನು ನಿಲ್ಲಿಸಲಾಗಿದೆ' ಎಂದು ದುಂಡು ಅಕ್ಷರದಲ್ಲಿ ಬರೆದೆ. ನೀನೇ ತಂತಿ ಬಿಚ್ಚಿದೆ. ಸುರುಳಿ ಸುತ್ತಿ ಮೊಳೆಗೆ ತೂಗುಹಾಕಿದೆ. ಬಿಲ್ಲೆಗಳನ್ನೆಲ್ಲ ಮೊರಕ್ಕೆ ಸುರಿದು ನನ್ನ ಮೇಜಿನ ಮೇಲೆ ಇಟ್ಟೆ.

"ಗೇಟಲ್ಲಿ ಅಷ್ಟು ಗಂಟ್ಲು ಐತಲ್ಲಪ್ಪ ನಿಂಗೆ. ಒಳಗೆ ಯಾಕಿಲ್ಲ?"

ಅಷ್ಟೇ ಅಂದು ಬೇತಮಂಗಲದ ಬಸ್ಸು ಹತ್ತಿದೆ. ಆರು ತಿಂಗಳಾಯಿತು. ಆ ಮಾತು ನನ್ನ ಗಂಟಲಲ್ಲೇ ಮೀನಿನ ಮುಳ್ಳಿನ ಹಾಗೆ ಕೂತಿದೆ.

ನೀನು ಹೋದ ಮೇಲೆ ಎಂಟು ದಿನವೂ ಬೇಕಾಗಲಿಲ್ಲ. ಮತ್ತೆ ಚೀಟಿ, ಮತ್ತೆ ಕಿರುಚಾಟ, ಮತ್ತೆ ನನ್ನ ಅದೇ ಕೈ. ಮೇಸ್ತ್ರಿಯ ಹೆಂಡತಿಯ ಚೀಲ ಮತ್ತೆ ಮೇಲೆ. ಪಾಪಕ್ಕ ಮತ್ತೊಂದು ಸಲ ಬಾಣಂತಿ. ಸಾಹುಕಾರನ ಮನುಷ್ಯ ಮಡಿಸಿಟ್ಟ ಕಾಗದ ಬಿಚ್ಚಿಕೊಂಡು ಬಂದ. ದೀಪಾವಳಿಗೆ ಮುಂಚೆ ಸದಸ್ಯರ ಸಭೆ, ಅಂಗಡಿ ಉಳಿಯುವುದೋ ಹೋಗುವುದೋ ಅಲ್ಲಿ ಕೈ ಎತ್ತಿ ತೀರ್ಮಾನ ಎಂದಾಯಿತು.

ಆಗ ಬಂದವಳು ಯಾರು ಅಂದುಕೊಂಡೆ? ನರಸಮ್ಮಜ್ಜಿ! ಬಿದಿರ ದಬ್ಬೆ ಕಟ್ಟಿದ ಕೈಯನ್ನು ಸೆರಗಿನಲ್ಲಿ ತೂಗುಹಾಕಿಕೊಂಡು, ಹಿಂದೆ ಮೂವತ್ತು ಹೆಂಗಸರನ್ನು ಕಟ್ಟಿಕೊಂಡು ಕಮಿಟಿಯ ಕೋಣೆಗೆ ನುಗ್ಗಿದಳು. ತಂತಿ ಎಲ್ಲಿ ಎಂದಳು. ನಿನ್ನ ಕೈ ಮುರಿದದ್ದೇ ಆ ತಂತಿಯಿಂದಲ್ಲವೇ ಅಜ್ಜಿ ಎಂದು ಶ್ರೀನಿವಾಸಪ್ಪ ಕೇಳಿದ. ಅವಳು ಅಂದ ಮಾತು ಕೇಳು, ಅಕ್ಕಾ. ನೀನು ಕೇಳಬೇಕಿತ್ತು.

"ತಂತಿ ಕೆಟ್ದಲ್ಲ ಕಣ್ಲಾ, ಬಿಲ್ಲೇನೂ ಕೆಟ್ದಲ್ಲ. ಅದ್ರ ಮೇಲೆ ನನ್ ಮಗನ ನಂಬ್ರು ಕುಟ್ಟಿದ್ರಲ್ಲ, ಅದು ಕೆಟ್ದು. ರಾಗಿ ಕೇಳೋಳು ನಾನು, ಬೀಸೋಳು ನಾನು, ಮುದ್ದೆ ತಿರುವೋಳು ನಾನು. ನನ್ ಗುರ್ತು ಇಕ್ರೋ."

ನಾವು ಇಷ್ಟು ಜನ ಗಂಡಸರು, ಓದಿದವರು, ಹೋರಾಟಗಾರರು, ಒಬ್ಬನಿಗಾದರೂ ಹೊಳೆದಿತ್ತೇ? ಕೇಳುವವರೂ ಹೆಂಗಸರು, ಹೊತ್ತುಕೊಂಡು ಹೋಗುವವರೂ ಹೆಂಗಸರು, ಬಿಲ್ಲೆಯ ಮೇಲೆ ಮಾತ್ರ ಗಂಡಸಿನ ನಂಬರು. ಗಣಿಯ ಯಾವ ಪುಸ್ತಕದಲ್ಲೂ ಅವರಿಗೊಂದು ನಂಬರಿಲ್ಲ, ಹೆಸರಿಲ್ಲ. ನಾವೂ ಕೊಟ್ಟಿರಲಿಲ್ಲ.

ಮಾರನೆಯ ದಿನವೇ ತಂತಿ ಮತ್ತೆ ಗೋಡೆಗೆ ಏರಿಸಿ, ಅಂಗಡಿಯ ಮುಂದೆ ಹೊಸ ತಗಡು ಕತ್ತರಿಸಿದೆವು. ಒಬ್ಬೊಬ್ಬಳೂ ಬಂದು ಕೂತು, ತನ್ನ ಗುರುತನ್ನು ತಾನೇ ಮೊಳೆ ಹಿಡಿದು ಕುಟ್ಟಿದಳು. ನರಸಮ್ಮಜ್ಜಿ ತನ್ನ ಮುಂಗೈ ಹಚ್ಚೆಯ ಚೇಳು ಬಿಡಿಸಿದಳು, ಎಡಗೈಯಲ್ಲಿ! ಕದಿರಮ್ಮ ರಾಗಿ ತೆನೆ. ಪಾಪಕ್ಕ ಬೇಕೆಂದೇ ಒಂದು ತೊಟ್ಟಿಲು ಬಿಡಿಸಿ ಚಿಕ್ಕವೆಂಕಟಪ್ಪನ ಮುಖಕ್ಕೆ ಹಿಡಿದಳು. ಅವನು ಮಾತ್ರ ಆವತ್ತು ಮಂಕಾಗಿದ್ದ. ಏನಯ್ಯಾ ಎಂದೆ. "ನನ್ನೆಂಡ್ತಿ ಗುಬ್ಬಿ ಬಿಡಿಸವ್ಳೆ. ಅವಳ ತೋಳ ಮೇಲೆ ಗುಬ್ಬಿ ಐತಂತೆ. ಇಪ್ಪತ್ತು ವರ್ಸ ಆಯ್ತು ಮದ್ವೆಯಾಗಿ, ನಾನು ನೋಡೇ ಇಲ್ಲ ಕಣೋ" ಎಂದ.

ಈಗ ನೆಲ ಎಷ್ಟು ಗುಡುಗಿದರೂ ನಮ್ಮ ತಂತಿ ನೋಡಿ ಯಾರೂ ಎದೆ ಬಡಿದುಕೊಳ್ಳುವುದಿಲ್ಲ. ಅಲ್ಲಿರುವುದು ಚೇಳು, ಗುಬ್ಬಿ, ತೆನೆ, ತೊಟ್ಟಿಲು. ಸಭೆಯ ದಿನ ಹೆಂಗಸರು ಕೈಯನ್ನಷ್ಟೇ ಎತ್ತಲಿಲ್ಲ, ಬಿಲ್ಲೆ ಹಿಡಿದ ಕೈ ಎತ್ತಿದರು. ಬಿಸಿಲಿಗೆ ತಗಡು ಫಳಫಳ ಎಂದು ಸಾಹುಕಾರನ ಮನುಷ್ಯ ಕಣ್ಣಿಗೆ ಕೈ ಅಡ್ಡ ಹಿಡಿದ. ಅಂಗಡಿ ಉಳಿಯಿತು. ಬಂಗಾರಪೇಟೆಯ ಹಮಾಲರು ಅದನ್ನು ನೋಡಿಯೇ ನಮಗೂ ಬೇಕು ಎಂದದ್ದು.

ಈಗ ನನ್ನ ಪಾಡು. ಹೊಸ ಅಂಗಡಿಯ ಕರಪತ್ರ ಅಚ್ಚಾಗಿ ಬಂತು. 'ಯೋಜನೆ: ಕದಿರಪ್ಪ' ಎಂದು ದಪ್ಪ ಅಕ್ಷರ. ನಾನು ಬರೆಸಿದ್ದಲ್ಲ, ಆದರೆ ಬರೆಯಬೇಡಿ ಎಂದು ಹೇಳಿದವನೂ ಅಲ್ಲ. ಮೊನ್ನೆ ಅದನ್ನು ಹಿಡಿದುಕೊಂಡು ಕಮಿಟಿಯಲ್ಲಿ ಎದ್ದು ನಿಂತೆ. ಗೇಟಿನಲ್ಲಿ ಎಷ್ಟು ಗಂಟಲಿದೆಯೋ ಅಷ್ಟನ್ನೂ ಒಳಗೆ ತೆಗೆದೆ. ಬಿಲ್ಲೆ ಯಾರದು, ತಂತಿ ಯಾರದು, ದಾರ ಯಾರದು, ಹಾರ ಹಾಕಿಸಿಕೊಂಡವನು ಯಾರು, ಆವತ್ತು ಬಾಯಿ ಹೊಲಿದುಕೊಂಡವನು ಯಾರು, ಒಂದನ್ನೂ ಬಿಡಲಿಲ್ಲ. ಶ್ರೀನಿವಾಸಪ್ಪ ಕನ್ನಡಕ ತೆಗೆದು ಒರೆಸಿ ಕೇಳಿದ: "ಅಲ್ಲಯ್ಯಾ, ಇಷ್ಟು ದಿವ್ಸ ಬಾಯಲ್ಲಿ ಏನಿಕ್ಕೊಂಡಿದ್ದೆ?" ನಾನು ಠರಾವಿನ ಪುಸ್ತಕ ಎಳೆದುಕೊಂಡೆ. ಅದೇ ಪುಸ್ತಕದಲ್ಲಿ, ಅದೇ ದುಂಡು ಅಕ್ಷರದಲ್ಲಿ, ಆ ಕೆಟ್ಟ ಠರಾವಿನ ಹೆಸರು ಹೇಳಿ ಅದನ್ನು ರದ್ದು ಮಾಡಿ ಬರೆದೆ. ನಿನ್ನ ಮೇಲೆ ಆಡಿದ ಮಾತು ತಪ್ಪು ಎಂದು ಆಡಿದವರಿಬ್ಬರ ಕೈಲೂ ರುಜು ಹಾಕಿಸಿದೆ. ನಿನ್ನೆ ತಂತಿ ನೋಡಲು ಬಂಗಾರಪೇಟೆಗೆ ಹೋದಾಗ ಅಚ್ಚುಕೂಟಕ್ಕೂ ಹೋದೆ. ಕರಪತ್ರ ಬೇರೆಯಾಗಿದೆ. ನಿನ್ನ ಹೆಸರು ಅಚ್ಚಿನಲ್ಲಿ ಹೇಗೆ ಕಾಣುತ್ತದೆ ಎಂದು ಸೀನಪ್ಪ ತೋರಿಸಲಿ, ಒಂದು ಪ್ರತಿ ಇಟ್ಟಿದ್ದೇನೆ.

ಅದರ ಜೊತೆಗೆ ಲಕೋಟೆಯಲ್ಲಿ ಇನ್ನೊಂದಿದೆ, ಕೈ ಹಾಕಿ ನೋಡು. ಒಂದು ತಗಡಿನ ಬಿಲ್ಲೆ. ಅದರ ಮೇಲೆ ಏನೂ ಕುಟ್ಟಿಲ್ಲ. ಆಂಜಿನಪ್ಪನ ನಂಬರನ್ನು ನಾವು ಹಾಕಲಿಲ್ಲ. ನಿನ್ನ ಗುರುತು ಏನೆಂದು ನಮಗೆ ಗೊತ್ತಿಲ್ಲ, ನಾವು ಯಾವತ್ತೂ ಕೇಳಲಿಲ್ಲವಲ್ಲ. ನೀನೇ ಕುಟ್ಟಿಕೊಂಡು ಬಾ.

ಬಿಲ್ಲೆಗೆ ಒಂದು ಕೆಂಪು ದಾರ ಕಟ್ಟಿದ್ದೇನೆ. ನಿನಗೆ 'ಇಲ್ಲ' ಅಂದವರು ನಾವು. ಕಾನೂನು ನಿನ್ನದೇ. ಹದಿನೆಂಟನೇ ತಾರೀಕು ಬಂಗಾರಪೇಟೆಯ ತಂತಿಯ ಕೆಳತುದಿಯ ಜಾಗವನ್ನು ಖಾಲಿ ಬಿಟ್ಟಿರುತ್ತೇವೆ. ನಿನ್ನ ಬಿಲ್ಲೆ ಬಂದು ಅಲ್ಲಿ ಠಣ್ ಅನ್ನುವವರೆಗೆ ಇನ್ನೊಂದು ಬಿಲ್ಲೆ ಜಾರುವುದಿಲ್ಲ. ಇನ್ನೂರು ಮನೆಯವರಿಗೂ ಹೇಳಿಯಾಗಿದೆ. ಕಾಯುತ್ತೇವೆ ಎಂದಿದ್ದಾರೆ.

ನಿನ್ನ ತಂತಿಗೆ ಎಂದೂ ತುಕ್ಕು ಹಿಡಿಯದಿರಲಿ. ಪ್ರತಿ ಸಂಜೆಯೂ ಅದು ಖಾಲಿಯಾಗಲಿ. ನಿನ್ನ ಕಣ್ಣೆದುರಿಗೇ ಊರೆಲ್ಲ ಉಣ್ಣಲಿ.

ಒಳಗೂ ಗಂಟಲು ತೆರೆಯಲು ತಡವಾಗಿ ಕಲಿತ ನಿನ್ನ ತಮ್ಮ,
ಕದಿರಪ್ಪ